ಮೋಲ್ಡೂ ಅವತ್ತೇ, ಎಳ್ಳಮಾವಾಸ್ಯೆಯೂ ಅವತ್ತೇ

ನಮ್ಮ ಸೈಟುಗಳಲ್ಲಿ ನಗೋ ಪ್ರಸಂಗ ನಡೀದ ವಾರವೇ ಇಲ್ಲ. ತೊಂದರೆ ಏನಂದ್ರೆ, ನಡೆಯೋ ಹೊತ್ತಲ್ಲಿ ನನಗೆ ಮೈಯೆಲ್ಲಾ ಉರಿಯುತ್ತೆ. ನಗು ಬರೋದು ಮನೆಗೆ ಹೋಗಿ ಕಾಲು ಚಾಚಿದ ಮೇಲೆ. ಕಟ್ಟಡ ಸಿಮೆಂಟು, ಕಂಬಿಯಿಂದ ಏಳುತ್ತೆ ಅಂತ ಕಾಲೇಜಲ್ಲಿ ಕಲಿಸಿದ್ರು. ಶುದ್ಧ ಸುಳ್ಳು. ಏಳೋದು ಪಂಚಾಂಗದಿಂದ.

ಚಾರ್ಟಿಗೆ ಬಣ್ಣ ಸಾಲಲಿಲ್ಲ

ಕಲ್ಯಾಣ ನಗರದ ಆ ಬಾಡಿಗೆ ಮನೆ ಕಟ್ಟಡ, ನಾನೊಬ್ಬಳೇ ನೋಡ್ಕೊಂಡ ಮೊದಲ ಸೈಟು. ಬಾಸ್ ಹತ್ರ ಜಗಳ ಆಡಿ ಗಿಟ್ಟಿಸಿಕೊಂಡದ್ದು. ಕೊಡುವಾಗಲೇ ಅವರು ಹೇಳಿದ್ರು: "ಮೇಲಿನ ತಾರಸಿ ಮೋಲ್ಡು ಹೇಳಿದ ದಿನ ಹಾಕಿ ಮುಗಿಸ್ಬೇಕು. ತಪ್ತೋ, ಸೈಟು ಬೇರೆಯವರಿಗೆ. ನೀನು ಆಫೀಸಲ್ಲಿ ಕೂತು ಬಿಲ್ ನೋಡ್ಕೋ."

ನಾನು ಬಿಡ್ತೀನಾ? ಯಾವ ದಿನ ಯಾರು ಏನು ಮಾಡ್ಬೇಕು ಅಂತ ಬಣ್ಣಬಣ್ಣದ ಚಾರ್ಟು ಮಾಡಿ ಶೆಡ್ಡಿನ ಗೋಡೆಗೆ ಅಂಟಿಸಿದೆ. ಕಾಂಕ್ರೀಟ್ ಹಾಕೋ ಗುಂಪೆಲ್ಲ ಕಲಬುರಗಿ ಕಡೆಯವರು. ಅವರ ಮೇಸ್ತ್ರಿ ಬಂದು, ಕೈ ಹಿಂದೆ ಕಟ್ಟಿಕೊಂಡು, ಚಾರ್ಟನ್ನ ಮೇಲಿಂದ ಕೆಳಗೆ ನೋಡಿದ.

"ಭಾಳ ಛಲೋ ಅದ್ರಿ ಮೇಡಂ. ಎಳ್ಳಮಾಸಿ ಯಾವ ಬಣ್ಣದಾಗ ಅದ?"

ಎಳ್ಳಮಾವಾಸ್ಯೆ! ಮೋಲ್ಡ್ ಹಾಕೋ ದಿನವೇ. ಕಾಂಕ್ರೀಟ್ ಪಂಪ್ ಸಿಕ್ಕಿದ್ದೇ ಅವತ್ತಿಗೆ, ಬೇರೆ ದಿನ ಇಲ್ಲವೇ ಇಲ್ಲ ಅಂದಿದ್ರು ಪಂಪಿನವರು.

"ಅವತ್ತು ನಾವು ಊರಾಗ ಇರ್ತೀವ್ರಿ. ಹೊಲಕ್ಕ ಹೋಗಿ ಚರಗ ಚೆಲ್ಲಬೇಕು, ಭೂಮ್ತಾಯಿಗೆ ಉಣಸಬೇಕು."

"ಒಂದು ದಿನದ ಹಬ್ಬ ತಾನೇ?"

"ಹೌದ್ರಿ, ಒಂದೇ ದಿನ. ಸಂಕ್ರಾಂತಿ ಮುಗಿಸ್ಕೊಂಡು ಬಂದುಬಿಡ್ತೀವಿ."

ಎರಡು ಅಮಾವಾಸ್ಯೆ

ಅಷ್ಟರಲ್ಲಿ ಸುದ್ದಿ ಮನೆ ಓನರ್ ಕಿವಿಗೂ ಬಿತ್ತು. ರಿಟೈರಾದ ಹಿರಿಯರು. ಜೀವನ್ ಬಿಮಾ ನಗರದಿಂದ ಸ್ಕೂಟರಲ್ಲಿ ಹಾರಿಕೊಂಡು ಬಂದ್ರು.

"ಏನಮ್ಮಾ, ತಲೆ ಕೆಟ್ಟಿದ್ಯಾ? ಅಮಾವಾಸ್ಯೆ ದಿನ ಯಾರಾದ್ರೂ ಮೋಲ್ಡ್ ಹಾಕ್ತಾರಾ?"

ಮೇಲೆ ಹಲಗೆ ಬಡೀತಿದ್ದ ಹಲಸೂರಿನ ಸೆಂಟ್ರಿಂಗ್ ಮೇಸ್ತ್ರಿ ಸುತ್ತಿಗೆ ನಿಲ್ಲಿಸಿ ಬಗ್ಗಿ ನೋಡಿದ. ತಮಿಳಿನವನು. ಮುಖ ಅರಳಿಬಿಟ್ಟಿತ್ತು.

"ಅಮಾವಾಸೆನಾ ಸಾರ್? ರೊಂಬ ನಲ್ಲ ನಾಳ್! ನಮ್ಮಲ್ಲಿ ಒಳ್ಳೆ ಕೆಲ್ಸ ಶುರು ಮಾಡೋದೇ ಅವತ್ತು."

ಇನ್ನೇನು, ಶುರುವಾಯ್ತು. ಇವರು ಕೆಳಗಿಂದ ಕೂಗೋದು, ಅವನು ಮೇಲಿಂದ ಕೂಗೋದು. ನಾನು ಸಿಮೆಂಟ್ ಮೂಟೆ ಮೇಲೆ ಕೂತು ಟೀ ಕುಡಿದೆ. ನನ್ನ ಜೀವಮಾನದಲ್ಲಿ ನಾನು ಮಾಡಿರೋ ಅತ್ಯುತ್ತಮ ಮ್ಯಾನೇಜ್‌ಮೆಂಟ್ ಅದೇ. ಕೊನೆಗೆ ಓನರ್ ಗಂಟಲು ಕಟ್ಟಿತು.

"ಸರಿಯಪ್ಪಾ, ಮೋಲ್ಡ್ ನಿಮ್ಮ ಅಮಾವಾಸ್ಯೆಗೇ ಹಾಕ್ಕೊಳ್ಳಿ. ಬಾಡಿಗೆಯವರು ಮಾತ್ರ ನಮ್ಮ ಪಂಚಾಂಗ ನೋಡಿ ಬರ್ಲಿ!"

ಹೊಲ ಬೇಕಾಗಿದೆ

ಉಳಿದದ್ದು ಕಲಬುರಗಿ ಗುಂಪು. ಬೇಡಿಕೊಂಡೆ, ಕೂಗಾಡಿದೆ. ಮೇಸ್ತ್ರಿ ಹೆಂಡತಿ, ಆ ಗುಂಪಿನ ನಿಜವಾದ ಮೇಸ್ತ್ರಿ ಅವಳೇ, ಸಮಾಧಾನವಾಗಿ ಹೇಳಿದಳು:

"ಕಾಳು ಕಾಯಿಪಲ್ಯಾ ಕುದಿಸಿ ಭಜ್ಜಿ, ಸಜ್ಜಿ ರೊಟ್ಟಿ ಇಲ್ಲೂ ಮಾಡಬಹುದ್ರಿ. ಹೊಲ ಎಲ್ಲಿಂದ ತರ್ತೀರಿ?"

ಪಕ್ಕದಲ್ಲೇ ಖಾಲಿ ಸೈಟು ಇತ್ತು. ಓನರ್ ಲಿಂಗರಾಜಪುರದ ಒಬ್ಬ ಆಂಟಿ. ಅವತ್ತೇ ಹೋಗಿ ಬಾಗಿಲು ತಟ್ಟಿದೆ. "ಆಂಟಿ, ನಿಮ್ಮ ಸೈಟು ಒಂದು ದಿನಕ್ಕೆ ಹೊಲ ಆಗ್ಬೇಕು." ಅವರು ನನ್ನನ್ನ ಅಡಿಯಿಂದ ಮುಡಿವರೆಗೆ ನೋಡಿ, ಕಥೆಯೆಲ್ಲ ಕೇಳಿ, "ಓಕೆ ಮಾ. ಬಟ್ ನಂಗೂ ಊಟ ಹಾಕ್ಬೇಕು" ಅಂದ್ರು.

ಗೆದ್ದೆ ಅಂತ ಮೇಸ್ತ್ರಿಯನ್ನ ಕರ್ಕೊಂಡು ಹೋಗಿ ತೋರಿಸಿದೆ. ನೋಡಿದ್ರೆ ಸೈಟ್ ತುಂಬಾ ಪಾರ್ಥೇನಿಯಂ. ನನಗೇ ನಾಚಿಕೆ ಆಯ್ತು. "ಬರೀ ಕಳೆ ಕಣಪ್ಪಾ, ನಡೆಯುತ್ತಾ?"

"ಯಾಕ ನಡೆಯಂಗಿಲ್ರಿ? ನಮ್ಮ ಹೊಲದಾಗೂ ಇದೇ ಬೆಳದದ."

ಪೂಜೆಗೆ ಕೂತವರು

ಅಮಾವಾಸ್ಯೆ ದಿನ ಪಂಪ್ ಬೆಳಿಗ್ಗೆಯೇ ಬಂತು. ಕಾಂಕ್ರೀಟ್ ನಡುವೆ ನಿಲ್ಲೋ ಹಾಗಿಲ್ಲ. ಅರ್ಧ ಗುಂಪು ಮೇಲೆ, ಅರ್ಧ ಗುಂಪು ಹೊಲದಲ್ಲಿ. ಇವರು ಉಂಡು ಹತ್ತಿದ್ರೆ ಅವರು ಇಳೀತಿದ್ರು. ಓನರ್ ಎರಡು ಸಲ ಭಜ್ಜಿ ಹಾಕಿಸ್ಕೊಂಡ್ರು. ಆಂಟಿ ಡಬ್ಬಿ ತಂದಿದ್ರು. ಸಂಜೆಗೆ ಮೋಲ್ಡು ಮುಗೀತು! ಖುಷಿಗೆ ನನಗೆ ಅಳುವೇ ಬಂತು.

ಬಾಸ್ ಬಂದು, ಮೇಲೆ ಹತ್ತಿ ನೋಡಿ, ತಲೆ ಆಡಿಸಿದ್ರು. "ಭೇಷ್. ಕೆಳಗಿನ ಮಹಡಿ ಕ್ಯೂಬ್‌ಗಳನ್ನ ಇವತ್ತು ಲ್ಯಾಬಿಗೆ ಕೊಡ್ಬೇಕಲ್ಲ, ತಗೊಂಡು ಬಾ. ಅವು ಪಾಸಾದ್ರೆ ಮುಂದಿನ ಕಟ್ಟಡವೂ ನಿಂದೇ."

ಕ್ಯೂಬ್ ಅಂದ್ರೆ ಆ ಮಹಡಿಗೆ ಹಾಕಿದ ಕಾಂಕ್ರೀಟಿಂದಲೇ ಅಚ್ಚು ಹಾಕಿಟ್ಟ ಚೌಕದ ಗಟ್ಟಿಗಳು. ಲ್ಯಾಬಲ್ಲಿ ಮಿಷನ್ನಿಗೆ ಕೊಟ್ಟು, ಎಷ್ಟು ಭಾರಕ್ಕೆ ಒಡೆಯುತ್ತೆ ನೋಡ್ತಾರೆ. ಅವನ್ನ ನೆನೆಹಾಕಿದ್ದ ನೀರಿನ ತೊಟ್ಟಿಗೆ ಕೈ ಹಾಕಿದ್ರೆ ಖಾಲಿ! ಸೈಟೆಲ್ಲ ಹುಡುಕಿ ಹೊಲಕ್ಕೆ ಓಡಿದೆ. ಅಲ್ಲಿ ಸುಣ್ಣ ಬಳಿದುಕೊಂಡು, ಕುಂಕುಮ ಇಟ್ಟುಕೊಂಡು, ಮುಂದೆ ರೊಟ್ಟಿ ಭಜ್ಜಿ ಇಟ್ಟುಕೊಂಡು ಸಾಲಾಗಿ ಕೂತಿದ್ದವು.

"ಪಾಂಡವ್ರು ರೀ," ಅಂದಳು ಮೇಸ್ತ್ರಿ ಹೆಂಡತಿ. "ಹೊಲದಾಗ ಐದು ಕಲ್ಲು ಪೂಜಿ ಮಾಡ್ಬೇಕು. ಇಷ್ಟು ಚಂದದ ಕಲ್ಲು ಎಲ್ಲಿ ಸಿಗ್ತಾವ?"

"ಆರು ಇದೆಯಲ್ಲೇ!"

"ಸಾಲಿನ ಕಡೀದು ದ್ರೌಪದಿ."

ಹಿಂದೆ ನೋಡ್ತೀನಿ, ಬಾಸ್ ಶೂ ಬಿಚ್ಚಿ ಕೈ ಮುಗಿದು ನಿಂತಿದ್ದಾರೆ. ಮೆಲ್ಲಗೆ ಕೇಳಿದ್ರು: "ಇವರನ್ನ ಹೆಂಗಮ್ಮಾ ಒಡೆಸೋದು?"

"ಗಟ್ಟಿ ಅದಾರ, ಒಯ್ರಿ," ಅಂತ ಅವಳೇ ಅಪ್ಪಣೆ ಕೊಟ್ಟಳು. ಕುಂಕುಮ ಸಮೇತ ಕಳಿಸಿದ್ವಿ.

ಮರುದಿನ ಲ್ಯಾಬಿನವನು ಫೋನ್ ಮಾಡಿದಾಗ ಸ್ಪೀಕರ್ ಹಾಕಿದೆ, ಎಲ್ಲರೂ ಸುತ್ತ ನೆರೆದಿದ್ರು. "ಮೇಡಂ, ಐದೂ ಭರ್ಜರಿ ಪಾಸು. ಆದ್ರೆ ಕೊನೇದನ್ನ ಇಟ್ಟು ಸ್ವಿಚ್ ಹಾಕಿದ್ದೇ ತಡ, ನಮ್ಮ ಮಿಷನ್ನೇ ಸುಟ್ಟುಹೋಯ್ತು!"

ಸೈಟೆಲ್ಲ ಹೋ ಅಂತು. ಬಾಸ್ ನನ್ನ ಕೈ ಕುಲುಕಿ, ಮುಂದಿನ ಕಟ್ಟಡದ ನಕ್ಷೆ ಅಲ್ಲೇ ಕೊಟ್ರು. ನಾನು ಕುಣಿಯೋದೊಂದು ಬಾಕಿ. "ಭೀಮ ಕಣ್ರೋ ಅದು, ಭೀಮ!" ಅಂತ ಕೂಗಿದೆ.

ಮೇಸ್ತ್ರಿ ಹೆಂಡತಿ ಟೀ ಲೋಟದಿಂದ ತಲೆ ಎತ್ತಲೇ ಇಲ್ಲ.

"ಭೀಮ ಅಲ್ರೀ ಮೇಡಂ, ದ್ರೌಪದಿ. ಆಕಿ ಮೈಮ್ಯಾಲೆ ಕೈ ಹಾಕಿದವ್ರು ಯಾರು ಉಳದಾರ?"