ಟೆರೇಸು ನಮ್ದಲ್ಲ

ನಮ್ಮ ಓನರ್‌ಗೆ ನಾಯಿ ಕಂಡರಾಗುವುದಿಲ್ಲ. ಸಿಂಗಸಂದ್ರದ ನಮ್ಮ ಬೀದಿಯಲ್ಲಿ ಈ ಮಾತನ್ನು ಅವರು ಯಾರಿಗೂ ಹೇಳದೆ ಬಿಟ್ಟಿಲ್ಲ. ಹೇಳುವಾಗಲೆಲ್ಲ ಅವರ ಕಂಕುಳಲ್ಲಿ ಒಂದು ನಾಯಿ ಇರುತ್ತದೆ, ಅದೊಂದೇ ತೊಡಕು!

ಓನರ್ ಎಂದರೆ ಯಾವುದರ ಓನರ್ ಎಂದು ನೀವು ಕೇಳಿದರೆ, ನೀವು ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಲ್ಲ ಎಂದೇ ಅರ್ಥ. ಇಲ್ಲಿ ಓನರ್ ಎಂದರೆ ಮನೆಯ ಓನರ್, ಬೇರೆ ಅರ್ಥವೇ ಇಲ್ಲ. ನಮ್ಮ ಓನರ್‌ ಅವರ ತಾತ ರಾಗಿ ಬೆಳೆದ ಜಾಗದಲ್ಲಿ ಇವರು ಐದಂತಸ್ತು ಬೆಳೆದಿದ್ದಾರೆ. ಅದರ ಎರಡನೆಯ ಅಂತಸ್ತಿನಲ್ಲಿ ನಾನು, ನನ್ನ ಹೆಂಡತಿ ಮತ್ತು ನನ್ನ ಚಿಂತೆಗಳು ವಾಸವಾಗಿದ್ದೇವೆ. ಹಗಲು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಅಡ್ಮಿನ್ ವಿಭಾಗದಲ್ಲಿ ದುಡಿಯುತ್ತೇನೆ, ಉಳಿದ ಹೊತ್ತು ಚಿಂತಿಸುತ್ತೇನೆ. ಚಿಂತೆಗೆ ಏನೂ ಸಿಗದ ದಿನ, ಏನನ್ನೋ ಮರೆತುಬಿಟ್ಟಿದ್ದೇನೆ ಎಂದು ಗಾಬರಿಯಾಗುತ್ತದೆ.

ಓನರ್‌ಗೆ ಬಾಡಿಗೆದಾರರ ಹೆಸರು ನೆನಪಿಟ್ಟುಕೊಳ್ಳುವ ಅಭ್ಯಾಸವಿಲ್ಲ. ಹೆಸರುಗಳು ಖಾಲಿ ಮಾಡಿಕೊಂಡು ಹೋಗುತ್ತವೆ, ಮಹಡಿಗಳು ಹೋಗುವುದಿಲ್ಲವಲ್ಲ! ಹಾಗಾಗಿ ನಾನು 'ಸೆಕೆಂಡ್ ಫ್ಲೋರು'. ಕೆಳಗಿನ ಮನೆಯ ಪಿಯುಸಿ ಲೆಕ್ಚರರು 'ಗ್ರೌಂಡು'. ಅವರ ಕಾನೂನುಗಳೂ ಹೀಗೆಯೇ ಸರಳ. ಗೋಡೆಗೆ ಮೊಳೆ ಹೊಡೆಯಬಾರದು. ಮೂರು ಬೀದಿ ಆಚೆ ಟೀ ಕುಡಿಯುತ್ತಿದ್ದರೂ ತಮ್ಮ ಗೋಡೆಗೆ ಬಿದ್ದ ಮೊಳೆಯ ಸದ್ದು ಅವರಿಗೆ ಕೇಳಿಸುತ್ತದೆ. ಎರಡನೆಯದು, ನಾಯಿ ಸಾಕಬಾರದು.

ಆ ಎರಡನೆಯ ಕಾನೂನನ್ನು ಮುರಿದವನು ಟೆರೇಸ್ ರೂಮಿನಲ್ಲಿದ್ದ ಉತ್ತರ ಭಾರತದ ಹುಡುಗ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬಚ್ಚಿಟ್ಟು ತಂದಿದ್ದ. ದೂರದಿಂದ ನೋಡಿದರೆ ಯಾರೋ ಒಗೆದು ಒಣಗಲು ಹಾಕಿ ಮರೆತ ಕಾಲೊರೆಸುವ ಮ್ಯಾಟು. ಹತ್ತಿರ ಹೋದರೆ ಅದಕ್ಕೆ ಎರಡು ಕಣ್ಣು. ಓನರ್ ಕೂಗಾಡುವಷ್ಟರಲ್ಲಿ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. "ಅಂಕಲ್, ಒನ್ ವೀಕ್ ಮಾತ್ರ. ಬಂದು ತಗೊಂಡ್ ಹೋಗ್ತೀನಿ" ಎಂದು ನಾಯಿಯನ್ನು ಬಿಟ್ಟು ಹೊರಟ. ಆ ವಾರ ಇನ್ನೂ ಮುಗಿದಿಲ್ಲ.

ಹುಡುಗ ಅದಕ್ಕೆ ಯಾವುದೋ ಬೇಕರಿ ತಿಂಡಿಯ ಹೆಸರಿಟ್ಟಿದ್ದ. ಓನರ್ ಅದನ್ನು ಬಳಸಲಿಲ್ಲ. ತಮ್ಮದಲ್ಲದ ನಾಯಿಗೆ ಹೆಸರೇಕೆ? ಟೆರೇಸಿನಲ್ಲಿತ್ತು, ಆದ್ದರಿಂದ 'ಟೆರೇಸು'. "ಟೆರೇಸೂ, ಬಾರ್ಲಾ ಮಗಾ" ಎಂದು ಅವರು ಕೂಗಿದರೆ ಹೊಸಬರು ತಲೆಯೆತ್ತಿ ಮೇಲೆ ನೋಡುತ್ತಿದ್ದರು. ಯಾರಾದರೂ "ನಾಯಿ ಚೆನ್ನಾಗಿದೆ ಸಾರ್" ಎಂದರೆ ಸಾಕು, ಬೈಗುಳದಂತೆ ಉತ್ತರ ಬರುತ್ತಿತ್ತು: "ನಮ್ದಲ್ಲ!"

ಟೆರೇಸಿಗೆ ಮೊದಲ ಸಲ ಫಿಟ್ಸ್ ಬಂದದ್ದು ಗೇಟಿನ ಮುಂದೆ, ಬೆಳಗಿನ ಬೆಳಕಿನಲ್ಲಿ. ನಿಂತಿದ್ದದ್ದು ಹಾಗೇ ಪಕ್ಕಕ್ಕೆ ಉರುಳಿ, ಕಾಲು ಬಡಿಯುತ್ತ, ನೊರೆ ಕಾರತೊಡಗಿತು. ಪಕ್ಕದ ಕಟ್ಟಡದಲ್ಲಿ ಗಾರೆ ಹೊರುತ್ತಿದ್ದ ರಾಯಚೂರಿನ ಹೆಂಗಸು ಬಾಂಡಲಿ ಕೆಳಗಿಟ್ಟು ಕೂಗಿದಳು: "ಕೈಯಾಗ ಕಬ್ಬಿಣ ಕೊಡ್ರೀ ಯಪ್ಪಾ, ನಿಂದರ್ತೈತಿ!"

ಓನರ್ ಹಿಂದೆ ಮುಂದೆ ನೋಡಲಿಲ್ಲ. ಸೊಂಟದಿಂದ ಬೀಗದ ಕೈಗೊಂಚಲು ಕಿತ್ತು ನಾಯಿಯ ಪಂಜದ ಕೆಳಗೆ ತುರುಕಿದರು. ಅದು ಇಡೀ ಬಿಲ್ಡಿಂಗಿನ ಬೀಗದ ಕೈ! ಹೆಂಡತಿಯ ಕೈಗೂ ಕೊಡದಿದ್ದ ಗೊಂಚಲನ್ನು ಬಾಡಿಗೆಯನ್ನೇ ಕೊಡದ ಒಂದು ಪ್ರಾಣಿಗೆ ಒಪ್ಪಿಸಿ, "ಇಡ್ಕೋ ಟೆರೇಸು, ಗಟ್ಟಿಯಾಗಿ ಇಡ್ಕೋ" ಎಂದು ಅಂಗಲಾಚುತ್ತಿದ್ದರು. ನಾಯಿ ಹೇಗೆ ಹಿಡಿದುಕೊಳ್ಳಬೇಕು, ಹೇಳಿ? ಬಾಗಿಲಲ್ಲಿ ನಿಂತಿದ್ದ ಓನರಮ್ಮ ಮಾತ್ರ ನಾಯಿಯನ್ನು ನೋಡುತ್ತಿರಲಿಲ್ಲ, ಗೊಂಚಲನ್ನು ನೋಡುತ್ತಿದ್ದರು.

ನಾಯಿ ಡಾಕ್ಟರ ಬಳಿಗೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋದರು. ಆಗ ಕೆಳಗಿಳಿದು ಬಂದದ್ದು ನಾನು ಮಾಡಿದ ತಪ್ಪು. ಕ್ಲಿನಿಕ್ಕಿನ ಸಹಾಯಕ ಹೊರಬಂದು "ಓನರ್ ಒಳಗೆ ಬನ್ನಿ" ಎಂದ. ಓನರ್ ಬೆಚ್ಚಿ ನನ್ನ ಕಿವಿಯಲ್ಲಿ ಕೇಳಿದರು: "ನಾನ್ ಓನರ್ ಅಂತ ಇವ್ನಿಗೆಂಗೆ ಗೊತ್ತು ಸಾರ್? ನಮ್ಮನೇಲಿ ಬಾಡ್ಗೆಗಿದ್ನಾ?"

"ನಾಯಿ ಓನರ್‌ನ ಕರೀತಿದಾರೆ ಸಾರ್."

"ಓ! ಅಂಗಾದ್ರೆ ನಾನಲ್ಲ" ಎಂದು ಮತ್ತೆ ಕುಳಿತರು.

ಕೊನೆಗೆ ನಾನು ಒಳಗೆ ಹೋದೆ. ಹಿಂದೆಯೇ ಅವರೂ ಬಂದು ಎಲ್ಲ ಪ್ರಶ್ನೆಗಳಿಗೂ ನನಗಿಂತ ಮೊದಲೇ ಉತ್ತರ ಕೊಟ್ಟರು. ಡಾಕ್ಟರ್ ಮೇಡಂ ತಾಳ್ಮೆಯಿಂದ ವಿವರಿಸಿದರು: ಇದು ಮೆದುಳಿನ ತೊಂದರೆ, ಒಮ್ಮೆಲೇ ಅಲ್ಲಿ ಕರೆಂಟ್ ಜಾಸ್ತಿ ಆದ ಹಾಗೆ ಆಗುತ್ತದೆ. ಬದುಕಿರುವವರೆಗೆ ಬೆಳಿಗ್ಗೆ ಸಂಜೆ ಮಾತ್ರೆ ತಪ್ಪಿಸಬಾರದು. ಫಿಟ್ಸ್ ಬಂದಾಗ ಸದ್ದು, ಬೆಳಕು ಕಡಿಮೆ ಇರಬೇಕು. ಬೀಗದ ಕೈ ಬೇಡ.

ಮಾತ್ರೆ ಕಹಿ. ಬಿಸ್ಕತ್ತಿನೊಳಗಿಟ್ಟರೆ ಟೆರೇಸು ಬಿಸ್ಕತ್ತು ತಿಂದು ಮಾತ್ರೆ ಉಗುಳಿತು, ಮೊಸರಿನಲ್ಲಿಟ್ಟರೆ ಮೊಸರು ನೆಕ್ಕಿ ಮಾತ್ರೆಯನ್ನು ತೊಳೆದಿಟ್ಟಿತು. ಓನರ್ ಒಂದು ಗೋಲಿಯಷ್ಟು ರಾಗಿಮುದ್ದೆ ಮುರಿದು, ಮಾತ್ರೆ ಹುದುಗಿಸಿ, ಬಸ್ಸಾರಿನಲ್ಲಿ ಅದ್ದಿ ಕೊಟ್ಟರು. ಗುಳುಂ! ಮುದ್ದೆಯನ್ನು ಅಗಿಯುವವರು ಯಾರಿದ್ದಾರೆ? "ಹಿಂದಿ ಹುಡುಗನ ನಾಯಿ ಮುದ್ದೆ ನುಂಗೋದ್ ಕಲೀತು, ನೀವ್ ಇನ್ನೂ ಅಗೀತಾ ಕೂತಿದೀರ" ಎಂದು ಕರಾವಳಿಯವಳಾದ ನನ್ನ ಹೆಂಡತಿಯನ್ನು ಹಂಗಿಸಿದರು. ಓನರಮ್ಮ ಒಳಗಿಂದಲೇ ನಮಗೆಲ್ಲ ಕೇಳುವಂತೆ ಹೇಳಿದರು: "ನನ್ ಬಿಪಿ ಮಾತ್ರೆ ತಗೊಂಡ್ಯಾ ಅಂತ ಒಂದಿನ ಕೇಳ್ದೋರಲ್ಲ ಈವಯ್ಯ. ನಾಯಿಗೆ ಮೊಬೈಲಲ್ಲಿ ಅಲಾರಾಂ ಇಟ್ಕೊಂಡವ್ರೆ!"

"ನಮ್ದಲ್ಲ ಕಣೇ. ಬೇರೇವ್ರ ಸಾಮಾನು. ಕೆಡಿಸಿ ವಾಪಸ್ ಕೊಡಕ್ಕಾಯ್ತದಾ?"

ಸದ್ದು ಮತ್ತು ಬೆಳಕಿನ ಸೂಚನೆಯನ್ನು ಅವರು ತಮ್ಮ ರೀತಿಯಲ್ಲಿ ಪಾಲಿಸಿದರು. ಮುಂದಿನ ಸಲ ಫಿಟ್ಸ್ ಬಂದಾಗ ಓಡಿಹೋಗಿ ಬಿಲ್ಡಿಂಗಿನ ಮೇನ್ ಸ್ವಿಚ್ಚನ್ನೇ ಆರಿಸಿದರು. ಕರೆಂಟ್ ಜಾಸ್ತಿ ಆಗಿದೆ ಎಂದು ಡಾಕ್ಟರೇ ಹೇಳಿದ್ದರಲ್ಲ! ಐದು ಅಂತಸ್ತುಗಳಲ್ಲಿ ಮಿಕ್ಸಿ, ಟಿವಿ, ವೈಫೈ ಒಟ್ಟಿಗೆ ಸತ್ತವು. ಮನೆಯಿಂದಲೇ ಕೆಲಸ ಮಾಡುವ ಹುಡುಗರು ಮೆಟ್ಟಿಲಿನ ಕಂಬಿಯಿಂದ ಬಾಗಿದರು.

"ಅಂಕಲ್, ಕ್ಲೈಂಟ್ ಮೀಟಿಂಗ್ ಇದೆ!"

"ಮೀಟಿಂಗು ನಾಳೆನೂ ಇರ್ತದೆ. ಸುಮ್ಕಿರ್ರೋ!"

ಅಷ್ಟರಲ್ಲಿ ಬೀದಿಗೆ ತರಕಾರಿ ಗಾಡಿ ಬಂತು, ಮೈಕಿನಲ್ಲಿ "ಟೊಮ್ಯಾಟೋ, ಈರುಳ್ಳೀ" ಎಂದು ಅರಚುತ್ತ. ಓನರ್ ಬರಿಗಾಲಲ್ಲಿ ಓಡಿ ಮೈಕಿನ ಬಾಯಿಗೆ ತಮ್ಮ ಟವೆಲ್ ತುರುಕಿದರು. ನಂತರ ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಕಿರುಚಿದರು: "ಯಾರೂ ಸದ್ದು ಮಾಡ್ಬ್ಯಾಡ್ರೀ!"

ಇಷ್ಟೆಲ್ಲ ನಗುತ್ತ ಹೇಳುತ್ತಿದ್ದೇನೆ. ಕಳೆದ ಚಳಿಗಾಲದ ಒಂದು ಭಾನುವಾರ ಮಾತ್ರ ನಗು ಬರಲಿಲ್ಲ. ಟೆರೇಸು ಮೆಟ್ಟಿಲು ಇಳಿಯುವಾಗಲೇ ಫಿಟ್ಸ್ ಬಂದು, ಮೂರನೆಯ ಅಂತಸ್ತಿನಿಂದ ನಮ್ಮ ಬಾಗಿಲವರೆಗೆ ಉರುಳಿತು. ನಡುಕ ನಿಂತ ಮೇಲೆ ಅದು ಎದ್ದೇಳಲು ಹೋಗಿ, ಕೂಗಿತು. ಅಷ್ಟು ಸಣ್ಣ ನಾಯಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಹಿಂಗಾಲು ತೊಡೆಯ ಬಳಿ ಬೇರೆ ಕಡೆಗೆ ತಿರುಗಿತ್ತು. ಎತ್ತಲು ಹೋದರೆ ಚೀರುತ್ತದೆ, ಬಿಟ್ಟರೂ ಚೀರುತ್ತದೆ. ನಾನು ನನ್ನ ಕೈಲಾದದ್ದನ್ನು ಮಾಡಿದೆ, ಎಂದರೆ ಗೋಡೆ ಹಿಡಿದು ನಿಂತು ಬೆವರಿದೆ.

ಓನರ್ ಗೇಟಿಗೆ ಹೋಗಿ, ತಂತಿಯಲ್ಲಿ ಬಿಗಿದಿದ್ದ ತಗಡಿನ 'ಟು ಲೆಟ್' ಬೋರ್ಡನ್ನು ಕಿತ್ತು ತಂದರು. ಅದರ ಮೇಲೆ ಒಣಗಲು ಹಾಕಿದ್ದ ತಮ್ಮ ಲುಂಗಿ ಮಡಿಸಿ ಹಾಸಿ, ಅಲುಗದಂತೆ ನಾಯಿಯನ್ನು ಜರುಗಿಸಿದರು. ಆಟೋದಲ್ಲಿ ಆ ಬೋರ್ಡನ್ನು ತೊಡೆಯ ಮೇಲೆ, ತುಂಬಿದ ಪಾತ್ರೆಯಂತೆ ಹಿಡಿದು ಕುಳಿತರು. ಹೊಸೂರು ರಸ್ತೆಯ ಗುಂಡಿಗಳೆಲ್ಲ ಅವರಿಗೆ ಬಾಯಿಪಾಠ. "ಎಡಕ್ಕೆ ತಗೋ ಅಣ್ಣ. ಮುಂದೆ ಹಂಪ್ ಐತೆ, ನಿಧಾನ. ನಿಧಾನ ಅಂದ್ನಲ್ಲಯ್ಯ!"

"ಸಾರ್, ಇದಕ್ಕಿಂತ ನಿಧಾನ ಅಂದ್ರೆ ಇಳಿದು ತಳ್ಳಬೇಕು" ಎಂದ ಆಟೋದವನು.

"ಸೆಕೆಂಡ್ ಫ್ಲೋರು ತಳ್ತಾರೆ, ನೀನ್ ನಡಿ!"

ಕ್ಲಿನಿಕ್ಕಿನಲ್ಲಿ ಕಾಯುವಾಗ, ಬೆಕ್ಕಿನ ಬುಟ್ಟಿ ಹಿಡಿದಿದ್ದ ಒಬ್ಬ ಯುವಕ ನಾಯಿಯ ಕೆಳಗಿನ ಲುಂಗಿಯ ಅಂಚಿನಿಂದ ಇಣುಕುತ್ತಿದ್ದ ಬೋರ್ಡಿನ ಅಕ್ಷರಗಳನ್ನು ಕತ್ತು ವಾಲಿಸಿ ಓದಿದ. "ಸಾರ್, ಒನ್ ಬಿಎಚ್‌ಕೆನಾ? ಬ್ಯಾಚುಲರ್ಸ್‌ಗೆ ಕೊಡ್ತೀರಾ?" ಬಾಡಿಗೆಯ ವಿಷಯ ಎತ್ತಿದರೆ ನಿದ್ದೆಯಲ್ಲೂ ಉತ್ತರಿಸುವ ಮನುಷ್ಯ ಅವನ ಕಡೆ ತಿರುಗಲೇ ಇಲ್ಲ. ಆಗ ನನಗೆ ನಿಜವಾದ ಭಯವಾಯಿತು.

ಎಕ್ಸ್‌ರೇ ನೋಡಿ ಡಾಕ್ಟರ್ ಮೇಡಂ ಕನ್ನಡಕ ತೆಗೆದರು. ತೊಡೆಯ ಮೂಳೆ ಮುರಿದಿದೆ, ರಾಡ್ ಹಾಕಬೇಕು. ಆದರೆ ಫಿಟ್ಸ್ ಇರುವ ನಾಯಿ, ವಯಸ್ಸೂ ಆಗಿದೆ, ಅನಸ್ತೇಷಿಯಾ ಕೊಟ್ಟರೆ ಏಳದೆಯೂ ಇರಬಹುದು. ಎದ್ದರೂ, ಇನ್ನೊಂದು ಫಿಟ್ಸ್‌ನಲ್ಲಿ ಮತ್ತೆ ಮುರಿಯಬಹುದು. "ಇಂಥಾ ಟೈಮಲ್ಲಿ ಕೆಲವರು ಬೇರೆ ತೀರ್ಮಾನ ತಗೋತಾರೆ, ಒಂದು ಇಂಜೆಕ್ಷನ್, ನೋವಿಲ್ಲದೆ ಹೋಗಿಬಿಡುತ್ತೆ. ತಪ್ಪು ಅಂತ ನಾನು ಹೇಳಲ್ಲ. ಅದನ್ನ ಓನರ್ ಹೇಳಬೇಕು."

ಓನರ್ ಪುಣೆಗೆ ಫೋನ್ ಹಚ್ಚಿ, ನಮಗೆಲ್ಲ ಕೇಳಲೆಂದು ಸ್ಪೀಕರಿಗೆ ಹಾಕಿದರು. ಹುಡುಗ ಒಳ್ಳೆಯವನೇ. ವಿಷಯ ಕೇಳಿ ಅವನ ದನಿ ಒಡೆಯಿತು. "ಪಾಪ ಅಂಕಲ್, ತುಂಬಾ ಸಫರ್ ಆಗ್ತಿದೆ ಅಲ್ವಾ? ಪುಟ್ ಟು ಸ್ಲೀಪ್ ಮಾಡಿಸ್ಬಿಡಿ ಅಂಕಲ್, ಪ್ಲೀಸ್."

ಓನರ್ ಫೋನನ್ನು ಬಾಯಿಯ ಹತ್ತಿರಕ್ಕೆ ತಂದರು. "ಸ್ಲೀಪಾ? ನಿದ್ದೆಗೇನಪ್ಪಾ, ಚೆನ್ನಾಗೇ ಮಾಡ್ತದೆ ಇದು. ನಿದ್ದೆ ಬರದೆ ಒದ್ದಾಡೋನು ನಾನು."

"ಅಂಕಲ್, ಹಾಗಲ್ಲ, ಅದರ ಮೀನಿಂಗ್..."

"ಸಿಗ್ನಲ್ ಇಲ್ಲ ಕಣಪ್ಪಾ, ಆಮೇಕ್ ಮಾಡ್ತೀನಿ."

ಫೋನ್ ಜೇಬಿಗಿಳಿಯಿತು. ಬಾಡಿಗೆದಾರರ ಇಂಗ್ಲಿಷಿನಲ್ಲಿ ಇಪ್ಪತ್ತು ವರ್ಷ ಜಗಳವಾಡಿದ ಮನುಷ್ಯ ಇವರು. ಆ ಮೂರು ಪದ ಅರ್ಥವಾಗಲಿಲ್ಲವೆಂದರೆ ನೀವು ನಂಬುತ್ತೀರಾ?

"ಹಾಗಾದ್ರೆ ಓನರ್..." ಎಂದು ಡಾಕ್ಟರ್ ಶುರುಮಾಡಿದರು.

"ಮೇಡಂ, ಖಾಲಿ ಮಾಡ್ಕೊಂಡ್ ಓದೋರು ಬಿಟ್ಟೋದ ಸಾಮಾನೆಲ್ಲಾ ಬಿಲ್ಡಿಂಗ್‌ಗೇ ಸೇರ್ತದೆ. ಅದು ರೂಲ್ಸು. ಒಂದ್ ಬಕೆಟ್ಟು, ಒಂದ್ ಚಾಪೆ, ಇದು." ನಾಯಿಯ ತಲೆಯ ಮೇಲೆ ಕೈಯಿಟ್ಟರು. "ರಾಡ್ ಆಕಿ."

ಆಪರೇಷನ್ ಮುಗಿಯಲೆಂದು ಕಾಯುವಾಗ ನಾನು ಸುಮ್ಮನಿರಬೇಕಿತ್ತು. ಸೋಂಕಾದರೆ ಎಂದೆ, ರಾಡ್ ಸರಿಯಾಗಿ ಕೂರದಿದ್ದರೆ ಎಂದೆ, ಅನಸ್ತೇಷಿಯಾದಲ್ಲೇ ಫಿಟ್ಸ್ ಬಂದರೆ ಎಂದೆ.

"ಸೆಕೆಂಡ್ ಫ್ಲೋರು," ಎಂದರು ಅವರು, "ನಿಮ್ ಬಾಯ್‌ಗೂ ಒಂದ್ ಮೇನ್ ಸ್ವಿಚ್ಚು ಇದ್ದಿದ್ರೆ ಎಷ್ಟ್ ಚೆನ್ನಾಗಿರದು ಸಾರ್."

ಕೊನೆಗೆ ಒಳಗೆ ಕರೆದರು. ಮೇಜಿನ ಮೇಲೆ ಟೆರೇಸು ಮಲಗಿತ್ತು. ಕೂದಲು ಬೋಳಿಸಿದ ಕಾಲು, ಹೊಲಿಗೆ, ಹೊರಬಿದ್ದ ನಾಲಗೆ. ಕಣ್ಣು ಅರ್ಧ ತೆರೆದಿದ್ದರೂ ಅದರಲ್ಲಿ ನಾವು ಯಾರೂ ಇರಲಿಲ್ಲ. ಓನರ್ ಬೆರಳನ್ನು ಮೆಲ್ಲಗೆ ಅದರ ಮೂಗಿನ ಬಳಿ ಒಯ್ದರು. ಎಲ್ಲಿತ್ತೋ ಶಕ್ತಿ, ನಾಯಿ ತಟ್ಟನೆ ತಲೆ ಎತ್ತಿ ಬೆರಳನ್ನು ಕಚ್ಚಿತು!

"ಅಯ್ಯೋ, ರೇಬೀಸ್ ಇಂಜೆಕ್ಷನ್!" ಎಂದು ನಾನು ಕೂಗಿದೆ. ಓನರ್ ನನ್ನ ಕಡೆ ತಿರುಗಿದರು. ಮುಖವಿಡೀ ಹಿಗ್ಗು.

"ಕಚ್ತು ಸಾರ್! ನೋಡಿದ್ರಾ? ಕಚ್ತು!"

"ಮೊದಲು ಕೈ ತೆಗೀರಿ," ಎಂದು ಡಾಕ್ಟರ್ ಗದರಿದರು. "ಅದಕ್ಕಿನ್ನೂ ಮತ್ತು ಇಳಿದಿಲ್ಲ. ಎಲ್ಲಿದೀನಿ, ಎದುರಿಗೆ ಯಾರಿದಾರೆ, ಒಂದೂ ಗೊತ್ತಾಗಲ್ಲ. ಹೆದರಿಕೊಂಡಿದೆ."

ಹಲ್ಲುಗಳ ಬಿಗಿ ಆಗಲೇ ಸಡಿಲವಾಗಿತ್ತು. ಬೆರಳು ಮಾತ್ರ ಇನ್ನೂ ಬಾಯೊಳಗೇ ಇತ್ತು, ಅದರ ಪಕ್ಕದಿಂದ ರಕ್ತದ ಒಂದು ಗೆರೆ ಇಳಿಯುತ್ತಿತ್ತು. ಎಳೆದರೆ ಬಂದುಬಿಡುತ್ತಿತ್ತು. ಅವರು ಎಳೆಯಲಿಲ್ಲ. ನಾನು ಬಿಡಿಸಲು ಹೋದೆ. ಇನ್ನೊಂದು ಕೈಯಿಂದ ನನ್ನನ್ನು ತಡೆದರು. ಬೀದಿಯನ್ನೇ ನಡುಗಿಸುವ ಆ ದನಿ ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಿಸಲಿಲ್ಲ.

"ಇರ್ಲಿ ಬುಡಿ ಸಾರ್. ಅದ್ಕೆ ಕಣ್ಣು ಕಾಣೋಗಂಟ ಇರ್ಲಿ. ಯಾರೋ ಒಬ್ರು ಅವ್ರೆ ಅಂತಾನಾದ್ರೂ ಗೊತ್ತಾಗ್ಲಿ."