ಬಂಟ್ವಾಳದ ಇನ್ನೊಬ್ಬ ಶೇಖರ

‘ಗೊತ್ತಿಲ್ಲ’ ಎಂಬ ಮಾತು ತಲೆಮಾರುಗಳಿಂದ ಓದಿಕೊಂಡು ಬಂದ ಮನೆಯವರಿಗೆ ಮಾತ್ರ ಶೋಭಿಸುತ್ತದೆ ಎಂಬುದು ನನ್ನ ನಂಬಿಕೆ. ಅವರು ಹಾಗೆಂದರೆ ಅದು ವಿನಯ. ಮನೆತನದಲ್ಲೇ ಮೊದಲ ಪದವೀಧರನಾದ ನಾನು ಹಾಗೆಂದರೆ, ಯಾರಾದರೂ ಬಂದು ನನ್ನ ಪದವಿಯನ್ನು ವಾಪಸು ಕೇಳಿಯಾರು ಎಂಬ ಅನುಮಾನ. ಆದ್ದರಿಂದ ಯಾರು ಏನು ಕೇಳಿದರೂ ‘ಹೌದು’ ಎನ್ನುವುದು ನನ್ನ ರೂಢಿ. ಈ ರೂಢಿಯೇ ನನ್ನನ್ನು ಮೂಡುಬಿದಿರೆಯ ವೇದಿಕೆ ಹತ್ತಿಸಿತು.

ಒಂದು ಸಂಜೆ ಫೋನು ಬಂತು. ಆ ಕಡೆ ಮೂಡುಬಿದಿರೆಯ ನಿವೃತ್ತ ಅಧ್ಯಾಪಕರಾದ ಪದ್ಮರಾಜರು. “ಬಂಟ್ವಾಳದ ಶೇಖರ ಅವರಲ್ಲವಾ? ನಂಬರು ಪೇಪರ್ ಅಂಗಡಿಯವರು ಕೊಟ್ಟರು. ಸಿನಿಮಾದ ಬಗ್ಗೆ ಬರೆಯುವವರು ನೀವೇ ಅಲ್ಲವಾ?” ಚಿತ್ರಮಂದಿರದಲ್ಲಿ ಸದ್ದು ಅತಿಯಾಯಿತೆಂದು ನಾನು ಪತ್ರಿಕೆಗೆ ಬರೆದ ಪತ್ರವೊಂದು ಹಿಂದೆ ನಾಲ್ಕು ಸಾಲಿನಲ್ಲಿ ಅಚ್ಚಾಗಿತ್ತು. “ಹೌದು” ಎಂದೆ. “ಹಾಗಾದರೆ ಬರಲೇಬೇಕು. ನಮ್ಮದೊಂದು ಚಿತ್ರ ನೋಡುವ ಬಳಗ ಉಂಟು. ಹಾಲಿವುಡ್ಡಿನ ಹಳೆಯ ಹಾಸ್ಯಚಿತ್ರವೊಂದರ ಹೊಸ ಡಿಸ್ಕ್ ತರಿಸಿದ್ದೇವೆ. ಶುರುವಿಗೆ ಹತ್ತು ನಿಮಿಷ ಮಾತಾಡಿದರೆ ಸಾಕು. ಒಂದು ಪ್ರತಿ ಕೊರಿಯರಿನಲ್ಲಿ ಕಳಿಸ್ತೇನೆ.” ನಾನು ಮತ್ತೊಮ್ಮೆ ಹೌದೆಂದೆ.

ಸಿನಿಮಾದ ಬಗ್ಗೆ ಪ್ರತಿ ಭಾನುವಾರ ಅಂಕಣ ಬರೆಯುವ ಶೇಖರ ಒಬ್ಬರಿದ್ದಾರೆ, ಅವರೂ ಬಂಟ್ವಾಳದವರು ಎಂದು ತಿಳಿದದ್ದು ಮರುದಿನ, ಕಚೇರಿಯಲ್ಲಿ. ನಮ್ಮ ಕಡೆಯ ಬಸ್ಸಿನಲ್ಲಿ ‘ಶೇಖರಾ’ ಎಂದು ಕೂಗಿದರೆ ಮೂವರು ತಿರುಗಿ ನೋಡುತ್ತಾರೆ. ನಾಲ್ಕನೆಯವನು ಡ್ರೈವರನಾಗಿದ್ದರೆ ಅಪಾಯ. ಡಿಸ್ಕ್ ಬಂದ ಮೇಲೆ ತಪ್ಪನ್ನು ತಿದ್ದಲು ಮೂರು ಸಲ ಫೋನು ಮಾಡಿದೆ. ಪದ್ಮರಾಜರು “ಹೇಳಿ ಸರ್” ಎಂದೊಡನೆ ಮೂರು ಸಲವೂ ನನ್ನ ಬಾಯಿಂದ ಹೊರಟದ್ದು “ಡಿಸ್ಕ್ ತಲುಪಿತು” ಎಂಬ ಒಂದೇ ವಾಕ್ಯ. ಮೂರನೆಯ ಸಲ ಅವರು ನಕ್ಕಂತೆ ಕೇಳಿಸಿತು. ಅವರಿಗೆ ಎಲ್ಲವೂ ತಿಳಿದಿದೆಯೇ? ಕೊರಿಯರಿನ ಲಕೋಟೆಯ ಮೇಲೆ ಹೆಸರಿನ ಜಾಗದಲ್ಲಿ ಬರಿಯ ‘ಶೇಖರ ಅವರಿಗೆ’ ಎಂದು ಬರೆದದ್ದೂ ಬೇಕೆಂದೇ ಇರಬಹುದೇ?

ತಂಗಿಯ ಮದುವೆಯ ವಿಡಿಯೊ ನೋಡಲೆಂದು ಕೊಂಡ ಪ್ಲೇಯರಿನಲ್ಲಿ ಡಿಸ್ಕ್ ಹಾಕಿದೆ. ಅಮ್ಮ ಬೀಡಿ ಕಟ್ಟುತ್ತ ಪಕ್ಕದಲ್ಲಿ ಕುಳಿತಿದ್ದಳು. ತೆರೆಯ ಮೇಲೆ ನಾಯಕನೂ ನಾಯಕಿಯೂ ತುಟಿ ಅಲ್ಲಾಡಿಸಿದರು. ಕೇಳಿಸಿದ್ದು ಮಾತ್ರ ಯಾರೋ ವೃದ್ಧರ ಗಂಭೀರ ಕಂಠ. ನಾನು ಪುಸ್ತಕದಲ್ಲಿ ಬರೆದುಕೊಂಡೆ: ‘ಪಾತ್ರಗಳಿಗೆಲ್ಲ ಒಂದೇ ಧ್ವನಿ. ಅಸ್ಥಿರವಾದ ಗುರುತಿನ ಸಂಕೇತ.’ ಅರ್ಧ ಚಿತ್ರ ಹೀಗೆಯೇ ಸಾಗಿತು.

“ಆ ಅಜ್ಜ ಎಲ್ಲಿದ್ದಾನೆ ಮಗಾ? ಆಗಿನಿಂದ ಮಾತಾಡ್ತಾನೆ, ಮುಖವೇ ತೋರಿಸುವುದಿಲ್ಲ” ಎಂದು ಅಮ್ಮ ತುಳುವಿನಲ್ಲಿ ಕೇಳಿದಳು.

“ಅದೊಂದು ತಂತ್ರ, ಅಮ್ಮಾ.”

“ತಂತ್ರವೂ ಇಲ್ಲ, ಮಂತ್ರವೂ ಇಲ್ಲ. ರಿಮೋಟ್ ಕೊಡು ಇಲ್ಲಿ.”

ಅವಳು ಯಾವುದೋ ಗುಂಡಿ ಒತ್ತಿದಳು. ಅಜ್ಜ ಮಾಯವಾಗಿ ನಾಯಕ ತನ್ನ ಕಂಠದಲ್ಲೇ ಮಾತಾಡತೊಡಗಿದ. ಚಿತ್ರದುದ್ದಕ್ಕೂ ವಿದ್ವಾಂಸರೊಬ್ಬರು ವ್ಯಾಖ್ಯಾನ ಹೇಳುವುದು ಈ ಹೊಸ ಡಿಸ್ಕಿನ ವಿಶೇಷ ಸೌಲಭ್ಯವಂತೆ. ಹಾಗೆಂದು ಅದರ ಡಬ್ಬಿಯ ಹಿಂದೆ ಅಚ್ಚಾಗಿತ್ತು. ನಾನು ಬರೆದದ್ದನ್ನು ಅಮ್ಮನಿಗೆ ಕಾಣದಂತೆ ಹೊಡೆದುಹಾಕಿದೆ. ಅವಳಿಗೆ ಓದಲು ಬರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು.

ನಾನು ಅಮ್ಮನಿಗೆ ತುಳುವಿನಲ್ಲಿ ಬಿಡಿಸಿ ಹೇಳಿದ ಕಥೆ ಇಷ್ಟೆ: ಹೋಟೆಲಿನ ಗಡಿಯಾರ ರಿಪೇರಿಗೆ ಬಂದವನನ್ನು ಎಲ್ಲರೂ ಕೋಟ್ಯಧೀಶನೆಂದು ತಿಳಿಯುತ್ತಾರೆ, ಸಿರಿವಂತರ ಮಗಳೊಬ್ಬಳು ಅವನನ್ನು ಪ್ರೀತಿಸುತ್ತಾಳೆ. ಅಮ್ಮನಿಗೆ ಇದು ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. “ಇಷ್ಟು ಜನ ಉಂಟು, ಒಬ್ಬರಾದರೂ ‘ಇಲ್ಲ್ ಓಲು’, ಮನೆ ಎಲ್ಲಿ, ಅಂತ ಕೇಳಲಿಲ್ಲವಾ? ನಮ್ಮಲ್ಲಾದರೆ ಯಾರ ಮಗ, ತಾಯಿಯ ಊರು ಯಾವುದು ಅಂತ ಕೇಳಿ ಎರಡು ನಿಮಿಷದಲ್ಲಿ ಹಿಡೀತಿದ್ದರು, ಕಳ್ಳನನ್ನು!”

ಆ ‘ಕಳ್ಳ’ ನೇರವಾಗಿ ನನ್ನ ಎದೆಗೇ ಬಂದು ತಗುಲಿದ. ಮೂಡುಬಿದಿರೆಯ ಸಭಾಂಗಣದ ತುಂಬ ಇಂಥ ಪ್ರಶ್ನೆ ಕೇಳುವವರೇ ಕುಳಿತಿರುತ್ತಾರಲ್ಲ! ಅವರ ಕೈಗೆ ಸಿಕ್ಕಿಬೀಳುವ ಮೊದಲು ನಾನೇ ಒಪ್ಪಿಕೊಳ್ಳುವುದು ಮೇಲೆಂದು ನಿಶ್ಚಯಿಸಿದೆ.

ಸಭೆಯಲ್ಲಿ ಸುಮಾರು ಅರವತ್ತು ಜನ. ಪದ್ಮರಾಜರು ನನ್ನನ್ನು ಹೊಗಳಿ ಮುಗಿಸಿದರು. ನಾನು ಎದ್ದು ನಿಂತು, ಮನೆಯಲ್ಲಿ ಉರು ಹೊಡೆದಂತೆ ಹೇಳಿದೆ: “ಮಾನ್ಯರೆ, ತಾವು ತಿಳಿದಿರುವ ಶೇಖರ ನಾನಲ್ಲ. ನಾನೊಬ್ಬ ಗುಮಾಸ್ತ. ಈ ಚಿತ್ರವನ್ನು ಮೊದಲ ಸಲ ನೋಡಿದ್ದೇ ಕಳೆದ ಮಂಗಳವಾರ. ಅದರಲ್ಲೂ ಅರ್ಧವನ್ನು ತಪ್ಪಾಗಿ ನೋಡಿದೆ.”

ಸಭೆ ನಗೆಯಲ್ಲಿ ಮುಳುಗಿತು. “ನೋಡಿ, ಚಿತ್ರದ ವಸ್ತುವನ್ನೇ ಅಭಿನಯಿಸಿ ತೋರಿಸಿದರು!” ಎಂದು ಪದ್ಮರಾಜರು ಮೈಕಿಗೆ ಬಾಗಿ ಸಾರಿದರು. “ಅಲ್ಲ ಸರ್, ನಿಜವಾಗಿಯೂ...” ಎಂದೆ. ಚಪ್ಪಾಳೆ. ಕಚೇರಿಯ ಗುರುತಿನ ಚೀಟಿಯನ್ನು ತೆಗೆದು ಎತ್ತಿ ಹಿಡಿದೆ. ಮುಂದಿನ ಸಾಲಿನಲ್ಲಿದ್ದವರೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರೆಲ್ಲ ಸೇರಿ ನನ್ನನ್ನು ಪರೀಕ್ಷಿಸುತ್ತಿದ್ದಾರೋ ಎಂದು ಒಂದೊಂದೇ ಮುಖವನ್ನು ದಿಟ್ಟಿಸಿದೆ. ಎಲ್ಲವೂ ಪ್ರಾಮಾಣಿಕವಾಗಿಯೇ ನಗುತ್ತಿದ್ದವು. ಉಳಿದ ಒಂಬತ್ತು ನಿಮಿಷ ಏನು ಹೇಳಿದೆನೋ ನೆನಪಿಲ್ಲ.

ಚಿತ್ರ ಮುಗಿದು, ಚಹಾ ಗೋಳಿಬಜೆಯ ಹೊತ್ತಿಗೆ ಹಿರಿಯರೊಬ್ಬರು ಹತ್ತಿರ ಬಂದರು. “ನಿಮ್ಮ ಅಂಕಣ ಪ್ರತಿ ಭಾನುವಾರ ಓದ್ತೇನೆ. ಆದರೆ ಬೇಸರ ಮಾಡಬೇಡಿ ಮಾರಾಯ್ರೇ, ಕಳೆದ ವಾರದ್ದು ಸ್ವಲ್ಪ ಸಪ್ಪೆ ಆಯಿತು.”

ಅರವತ್ತು ಜನರ ಮುಂದೆ ಸತ್ಯ ಹೇಳಿ ಆಗಷ್ಟೇ ಹಗುರಾಗಿದ್ದ ನನ್ನ ಮುಖಕ್ಕೆ ರಕ್ತವೇರಿತು. ನಾನು ಚಹಾದ ಲೋಟವನ್ನು ಕೆಳಗಿಟ್ಟೆ.

“ಹೌದು,” ಎಂದೆ, “ಕಳೆದ ವಾರ ನನಗೆ ಸ್ವಲ್ಪ ಜ್ವರ ಇತ್ತು.”