ಕಡಲಾಚೆಗೊಂದು ಹಿಡಿ ಕೊಸರು

ನಮ್ಮ ಅತ್ತೆ ಅಂತರರಾಷ್ಟ್ರೀಯ ಅಪರಾಧಿ ಎಂದರೆ ನೀವು ನಂಬುವುದಿಲ್ಲ. ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ. ಅವರ ವಿಷಯ ಬರೆಯುವಷ್ಟು ಧೈರ್ಯ ನನಗಿಲ್ಲ. ಈಕೆ ನನ್ನ ಅಪ್ಪನ ತಂಗಿ. ಯಲಹಂಕದ ಹತ್ತಿರದ ಕೋಗಿಲಿನವಳು. ಬಾಯಲ್ಲಿ ಎಲೆಅಡಿಕೆ, ಎರಡೂ ಮಂಡಿಗೆ ನೋವಿನೆಣ್ಣೆ. ಇಂಥವಳು ಕಳಿಸಿದ ಪೊಟ್ಟಣ ಬಿಚ್ಚಿ ಎರಡು ದೇಶಗಳ ಕಸ್ಟಮ್ಸ್‌ನವರು ಬೆವರಿದ್ದಾರೆ! ಅದರಲ್ಲಿ ಸಹ ಆರೋಪಿ ನಾನು.

ಅತ್ತೆಗೆ ಆರ್.ಟಿ. ನಗರದಲ್ಲಿ ತರಕಾರಿ ಅಂಗಡಿಯಿತ್ತು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ, ಹಾಗಾಗಿ ಗಿರಾಕಿಗಳೇ ಆಕೆಯ ಬಂಧುಬಳಗ. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಮನೆಯಲ್ಲಿ ಬದನೆಕಾಯಿ ಆಗುವುದಿಲ್ಲ, ಎಲ್ಲ ಗೊತ್ತು. ಮಂಡಿ ಕೈಕೊಟ್ಟ ಮೇಲೆ ಅಂಗಡಿ ಮುಚ್ಚಿ ಕೋಗಿಲಿನ ಮನೆಯಲ್ಲಿ ಕೂತಳು. ಕೂತಳು ಎಂದರೆ ತಪ್ಪಾದೀತು. ಟಿವಿ, ಬಾಡಿಗೆಯವರು, ಸರ್ಕಾರ, ದೇವರು, ಎಲ್ಲರ ಮೇಲೂ ರೇಗುತ್ತ ಕೂತಳು. ಹೀಗಿರುವಾಗ ಯಾರೋ ಪುಣ್ಯಾತ್ಮ ಆಕೆಯ ಮೊಬೈಲಿಗೆ ಒಂದು ವಿಡಿಯೊ ಕಳಿಸಿದ. ಮನೆಯಲ್ಲೇ ಕೂತು, ಮಾಲು ಮುಟ್ಟದೆ, ವಿದೇಶಕ್ಕೆ ಮಾರಿ! ಇದಕ್ಕೆ ಡ್ರಾಪ್ ಶಿಪ್ಪಿಂಗ್ ಎನ್ನುತ್ತಾರಂತೆ. ಗಿರಾಕಿ ಎಲ್ಲೋ ಕೂತು ನಮ್ಮ ಹತ್ತಿರ ಕೊಳ್ಳುತ್ತಾನೆ, ನಾವು ತಯಾರಿಸುವವನಿಗೆ ಹೇಳುತ್ತೇವೆ, ಅವನು ನೇರ ಗಿರಾಕಿಗೆ ಕಳಿಸುತ್ತಾನೆ. ಅತ್ತೆಗೆ ಬೇಕಿದ್ದುದು ಗಿರಾಕಿ. ಕಡಲಾಚೆಯವನಾದರೆ ಏನಂತೆ?

ಮಾರುವ ಮಾಲನ್ನು ಅತ್ತೆಯೇ ಆರಿಸಿದಳು: ಶಾವಿಗೆ ಒರಳು. ಶೆಟ್ಟಿಹಳ್ಳಿಯಲ್ಲಿ ಸ್ಟೀಲಿನ ಒರಳು ಮಾಡುವವರೊಬ್ಬರು ಸಿಕ್ಕರು. ಲೆಕ್ಕಪತ್ರಕ್ಕೆ ನಾನು. ಯಶವಂತಪುರದ ಬಿಡಿಭಾಗಗಳ ಕಂಪನಿಯೊಂದರ ಅಕೌಂಟ್ಸ್‌ನಲ್ಲಿ ನನ್ನ ಕೆಲಸ. ಜಿಎಸ್‌ಟಿ ಹೊಸದಾಗಿ ಬಂದು ಊರಿಗೆ ಊರೇ ತಲೆ ಮೇಲೆ ಕೈಹೊತ್ತಿದ್ದ ಕಾಲ ಅದು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಹೆಬ್ಬಾಳದಿಂದ ಮನೆಗೆ ವಾಪಸು ಹೋಗುವ ಜಾತಿಯವನು ನಾನು. ರಿಜಿಸ್ಟರ್ಡ್ ಪೋಸ್ಟ್ ಬಂದರೆ ಮೊದಲು ನೀರು ಕುಡಿಯುತ್ತೇನೆ. ನನ್ನನ್ನು ರಫ್ತಿಗೆ ಇಳಿಸುವುದೆ?

ರಫ್ತು ಮಾಡಲು ಒಂದು ನಂಬರು ಬೇಕು. ಜಿಎಸ್‌ಟಿಗೆ ಇನ್ನೊಂದು. ಹೊರದೇಶದ ಹಣ ಬರಲು ಬ್ಯಾಂಕಿನಲ್ಲಿ ಮತ್ತೊಂದು. ಅತ್ತೆ ಇಡೀ ಆಯಸ್ಸು ಒಂದು ತಕ್ಕಡಿಯಲ್ಲಿ ವ್ಯಾಪಾರ ಮಾಡಿದವಳು. ಸಿಟ್ಟು ಆಗಲೇ ಶುರುವಾಯಿತು.

ಒಂದು ದಿನ ವ್ಯಾಪಾರದ ಸ್ಥಳ ಪರಿಶೀಲಿಸಲು ತೆರಿಗೆ ಇಲಾಖೆಯವರೊಬ್ಬರು ಬಂದರು. ಸಂಭಾವಿತ ಮನುಷ್ಯ. ಅತ್ತೆಯ ಪಡಸಾಲೆಯಲ್ಲಿ ಒಂದು ಮಂಚ, ಒಂದು ಟಿವಿ, ಗೋಡೆಯ ಮೇಲೆ ಮಾವನ ಫೋಟೊ.

"ಮಾಲೆಲ್ಲಮ್ಮ?"

"ಮಾಲು ನಮ್ಮನೇಗ್ ಬರಾಕಿಲ್ಲ."

"ಗಿರಾಕಿಗಳು?"

"ಅವ್ರೂ ಬರಾಕಿಲ್ಲ."

"ಮತ್ತೆ ಇಲ್ಲಿ ನೀವೇನ್ ಮಾಡ್ತೀರಿ?"

"ಅದ್ನೇ ನಾನೂ ಇವನ್ನ ದಿನಾ ಕೇಳ್ತಾ ಇವ್ನಿ" ಎಂದು ಅತ್ತೆ ನನ್ನತ್ತ ಬೆರಳು ತೋರಿಸಿದಳು. ಆತ ನನ್ನನ್ನು ನೋಡಿದ ನೋಟಕ್ಕೆ ನಾನು ಮನಸ್ಸಿನಲ್ಲೇ ಜಾಮೀನಿಗೆ ಅರ್ಜಿ ಬರೆದೆ.

ತೆರಿಗೆಯ ವಿಷಯ ಅದಕ್ಕಿಂತ ಮಜ. ಶೆಟ್ಟಿಹಳ್ಳಿಯವರು ಅತ್ತೆಗೆ ತೆರಿಗೆ ಸೇರಿಸಿ ಬಿಲ್ಲು ಕೊಡುತ್ತಾರೆ. ಅತ್ತೆ ವಿದೇಶದವರಿಗೆ ತೆರಿಗೆ ಹಾಕುವ ಹಾಗಿಲ್ಲ, ರಫ್ತಿಗೆ ತೆರಿಗೆ ಸೊನ್ನೆ. ಕೊಟ್ಟ ತೆರಿಗೆಯನ್ನು ಆಮೇಲೆ ಸರ್ಕಾರದಿಂದ ವಾಪಸು ಕೇಳಿಕೊಳ್ಳಬೇಕು. "ವಾಪಸ್ ಕೊಡೋದಾದ್ರೆ ಈಸ್ಕೊಳ್ಳೋದ್ಯಾಕೆ? ನಾನು ಟೊಮೇಟೊ ಇಂಗ್ ಮಾರಿದ್ರೆ ತಕ್ಕಡೀಲೇ ಹೊಡೀತಿದ್ರು" ಎಂದಳು. ವ್ಯಾಪಾರವಾಗದ ತಿಂಗಳಲ್ಲೂ 'ವ್ಯಾಪಾರವಾಗಲಿಲ್ಲ' ಎಂದು ರಿಟರ್ನ್ ಸಲ್ಲಿಸಬೇಕು, ಇಲ್ಲದಿದ್ದರೆ ದಂಡ ಎಂದು ತಿಳಿದಾಗಲಂತೂ ಆಕೆಗೆ ಉಸಿರೇ ಕಟ್ಟಿತು. ಬೋಣಿಯಾಗದ ದಿನ ವ್ಯಾಪಾರಿ ಅದನ್ನು ಯಾರಿಗೂ ಹೇಳಬಾರದಂತೆ, ಹೇಳಿದರೆ ದರಿದ್ರ ಸುತ್ತಿಕೊಳ್ಳುತ್ತದಂತೆ. ಸರ್ಕಾರ ಅದನ್ನೇ ಪ್ರತಿ ತಿಂಗಳೂ ಬಾಯಿಬಿಟ್ಟು ಹೇಳು ಎನ್ನುತ್ತದೆ! ನಾನು ರಿಟರ್ನ್ ಸಲ್ಲಿಸುವಾಗ ಅತ್ತೆ ಕಂಪ್ಯೂಟರಿಗೆ ಉಪ್ಪು ನಿವಾಳಿಸುತ್ತಿದ್ದಳು. ಕೀಲಿಮಣೆಯ ಸಂದಿಯಲ್ಲಿ ಈಗಲೂ ಉಪ್ಪಿದೆ.

ಇಷ್ಟಾದರೂ ಒರಳುಗಳು ಹೋಗತೊಡಗಿದವು. ಇನ್ನು ನಿಶ್ಚಿಂತೆ ಎಂದುಕೊಂಡೆ. ನಾನು ಹಾಗೆ ಅಂದುಕೊಂಡಾಗಲೆಲ್ಲ ಏನಾದರೂ ಆಗುತ್ತದೆ.

ಆಸ್ಟ್ರೇಲಿಯಾದ ಕಸ್ಟಮ್ಸ್‌ನವರಿಂದ ಪತ್ರ ಬಂತು. ನಿಮ್ಮ ಪೊಟ್ಟಣದಲ್ಲಿ ಘೋಷಿಸದ ಬೀಜಗಳು ಸಿಕ್ಕಿವೆ, ನಾಶಪಡಿಸಿದ್ದೇವೆ. ಶಾವಿಗೆ ಒರಳಿನಲ್ಲಿ ಬೀಜ? ಶೆಟ್ಟಿಹಳ್ಳಿಗೆ ಫೋನು ಮಾಡಿದೆ. ಅತ್ತೆ ಬಸ್ಸು ಬದಲಾಯಿಸಿಕೊಂಡು, ಕುಂಟುತ್ತ ಅವರ ಗೋದಾಮಿಗೆ ಹೋಗಿ, ಪ್ಯಾಕ್ ಮಾಡುವವರ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತು, ಪ್ರತಿ ಡಬ್ಬಿಗೂ ತನ್ನ ಕೈಯಾರೆ ಒಂದು ಹಿಡಿ ಅವರೆಕಾಳು, ಒಂದೆಸಳು ಕರಿಬೇವು ಹಾಕಿ ಬರುತ್ತಿದ್ದಾಳೆಂದು ತಿಳಿಯಿತು.

"ಕೊಸರು ಕಣ್ಲಾ" ಎಂದಳು ಅತ್ತೆ, ಮುಚ್ಚುಮರೆಯಿಲ್ಲದೆ.

ಈಗಿನವರಿಗೆ ಕೊಸರು ಗೊತ್ತೋ ಇಲ್ಲವೋ. ತೂಕವಾಗಿ, ದುಡ್ಡು ಕೊಟ್ಟು ಮುಗಿದ ಮೇಲೆ ತರಕಾರಿಯವಳು ಚೀಲಕ್ಕೆ ಹಾಕುವ ನಾಲ್ಕು ಹಸಿಮೆಣಸಿನಕಾಯಿ, ಒಂದಿಷ್ಟು ಕೊತ್ತಂಬರಿ, ಅದು ಕೊಸರು. ಅದಕ್ಕೆ ಬೆಲೆಯಿಲ್ಲ. ಅದು ಇಲ್ಲದಿದ್ದರೆ ವ್ಯಾಪಾರಕ್ಕೂ ಬೆಲೆಯಿಲ್ಲ. ಅತ್ತೆಯ ಆಯಸ್ಸಿನಲ್ಲಿ ಒಬ್ಬ ಗಿರಾಕಿಯೂ ಕೊಸರಿಲ್ಲದೆ ಮನೆಗೆ ಹೋದದ್ದಿಲ್ಲ.

ಬೀಜ, ಸೊಪ್ಪು ವಿದೇಶಕ್ಕೆ ಕೂಡದು, ಅವರ ಬೆಳೆಗೆ ನಮ್ಮ ಹುಳ ಹತ್ತುತ್ತದೆ ಎಂದು ತಿಳಿಹೇಳಿದೆ. "ನನ್ನ ಅವರೇಲಿ ಉಳ ಅಂತಾರಾ?" ಎಂದು ಅತ್ತೆ ಒಂದು ಇಡೀ ಖಂಡದ ಮೇಲೆ ಸಿಟ್ಟಾದಳು. ಆದರೆ ಮಾತು ಕೇಳಿದಳು. ಬೀಜ ನಿಲ್ಲಿಸಿದಳು.

ಬದಲಿಗೆ ಹುರಿಹಿಟ್ಟು ಶುರುಮಾಡಿದಳು!

ಮನೆಯಲ್ಲೇ ಹುರಿದು ಬೀಸಿದ ರಾಗಿ ಹುರಿಹಿಟ್ಟು, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ, ಮೇಲೆ ಹೆಸರಿಲ್ಲ, ಬಾಯಿಗೆ ರಬ್ಬರ್ ಬ್ಯಾಂಡು. ಹೆಸರಿಲ್ಲದ ಪುಡಿಯನ್ನು ಒರಳಿನ ಲೋಹದ ಕೊಳವೆಯೊಳಗೆ ತುರುಕಿ ಕಳಿಸಿದರೆ ಯಾವ ವಿಮಾನ ನಿಲ್ದಾಣದವರು ಏನೆಂದುಕೊಳ್ಳಬೇಕು, ನೀವೇ ಹೇಳಿ. ಯುರೋಪಿನ ಒಂದು ದೇಶದಲ್ಲಿ ಅದನ್ನು ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರುವವರೆಗೆ ನಾನು ಸರಿಯಾಗಿ ಊಟ ಮಾಡಲಿಲ್ಲ. ಮನೆಯ ಮುಂದೆ ಜೀಪು ನಿಂತರೆ ಹಿಂಬಾಗಿಲ ಚಿಲಕ ಸಲೀಸಾಗಿ ಬರುತ್ತದೆಯೇ ಎಂದು ನೋಡಿಟ್ಟುಕೊಂಡೆ. ಕೊನೆಗೆ ಧಾನ್ಯದ ಹಿಟ್ಟು ಎಂದು ತೀರ್ಮಾನವಾಯಿತು. "ಒಂದ್ ಚಿಟಿಕೆ ಬಾಯಿಗ್ ಹಾಕ್ಕೊಂಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ಅಷ್ಟು ದೊಡ್ಡ ದೇಶ, ನಾಲಿಗೆ ಇಲ್ವಾ?" ಎಂಬುದು ಅತ್ತೆಯ ಪ್ರಶ್ನೆ.

ನಾವು ಮಾರುತ್ತಿದ್ದ ವೆಬ್‌ಸೈಟಿನವರಿಂದ ಎಚ್ಚರಿಕೆ ಬಂತು. ಬಿಲ್ಲಿನಲ್ಲಿಲ್ಲದ ವಸ್ತು ಇನ್ನೊಮ್ಮೆ ಸಿಕ್ಕರೆ ಅಂಗಡಿ ಬಂದ್. ಅತ್ತೆಯನ್ನು ಯಲಹಂಕದ ಆಡಿಟರ ಬಳಿಗೆ ಕರೆದುಕೊಂಡು ಹೋದೆ. ಅವರು ತಾಳ್ಮೆಯಿಂದಲೇ ಹೇಳಿದರು: ಪುಕ್ಕಟೆ ಕೊಟ್ಟರೂ ಪರವಾಗಿಲ್ಲ, ಆದರೆ ಬಿಲ್ಲಿನಲ್ಲಿ ಅದರ ಹೆಸರು ಬರೆಯಬೇಕು, ಕಸ್ಟಮ್ಸ್‌ಗಾಗಿ ಬೆಲೆಯನ್ನೂ ತೋರಿಸಬೇಕು.

ಅತ್ತೆ ಮೇಜಿನ ಮೇಲೆ ಎರಡೂ ಕೈಯೂರಿ ಮುಂದೆ ಬಾಗಿದಳು.

"ಕೊಸರಿಗೆ ಬೆಲೆ ಬರುದ್ರೆ ಅದು ಕೊಸರು ಎಂಗಾಯ್ತದೆ ಸ್ವಾಮಿ? ನಿಮ್ಮನೇಗ್ ಬಂದೋರ್ಗೆ ನೀರ್ ಕೊಟ್ಟು ಲೋಟಕ್ಕೆ ಚೀಟಿ ಅಂಟಿಸ್ತೀರಾ?"

ಆಡಿಟರು ಶುಲ್ಕ ತೆಗೆದುಕೊಳ್ಳಲಿಲ್ಲ. ಆಟೋದಲ್ಲಿ ವಾಪಸು ಹೊರಟೆವು. ಕೋಗಿಲು ಕ್ರಾಸ್ ಬಂದಾಗ ಅತ್ತೆ ಹೇಳಿದಳು: "ಬ್ಯಾಡ ಬುಡು. ನನ್ನಿಂದ ನಿನ್ಗ್ಯಾಕೆ ತೊಂದ್ರೆ. ಇನ್ ಆಕಾಕಿಲ್ಲ."

ಹಾಕಲಿಲ್ಲ. ಶೆಟ್ಟಿಹಳ್ಳಿಗೆ ಹೋಗುವುದನ್ನೇ ಬಿಟ್ಟಳು. ಒರಳುಗಳು ಬಿಲ್ಲಿನ ಪ್ರಕಾರ ಹೋದವು, ಬಿಲ್ಲಿನ ಪ್ರಕಾರ ತಲುಪಿದವು. ಯಾವ ದೇಶದಿಂದಲೂ ಪತ್ರವಿಲ್ಲ. ನಾನು ಹಾಯಾಗಿರಬೇಕಿತ್ತು, ಅಲ್ಲವೆ? ಆದರೆ ಅತ್ತೆ ರೇಗುವುದನ್ನೂ ನಿಲ್ಲಿಸಿದ್ದಳು. ಹಿಂದೆ ಆರ್ಡರು ಬಂದರೆ ಪ್ರಶ್ನೆಯ ಮೇಲೆ ಪ್ರಶ್ನೆ: ಹೆಂಗಸೋ ಗಂಡಸೋ, ಹೆಸರು ನಮ್ಮ ಕಡೆಯದೋ, ಶಾವಿಗೆ ಯಾತಕ್ಕಂತೆ, ಮನೆಯಲ್ಲಿ ಹಬ್ಬವೋ. ಈಗ "ಹೂಂ, ಕಳ್ಸು" ಎಂದಷ್ಟೇ. ಒಮ್ಮೆ ನಾನಾಗಿಯೇ, ಈ ಸಲದ್ದು ಕೆನಡಾಕ್ಕೆ ಅತ್ತೆ ಎಂದೆ.

"ಎಲ್ಲಿಗೋದ್ರೇನ್ಲಾ" ಎಂದಳು. "ಬರೀ ಕೈಯಲ್ ಕಳಿಸ್ದಂಗೆ. ಅವ್ರು ನನ್ನ ಯಾಕ್ ನೆಪ್ಪು ಮಡಿಕೊಂಡಾರು?"

ಸಿಗ್ನಲ್ಲಿನಲ್ಲಿ ಹಳದಿ ದೀಪಕ್ಕೇ ನಿಲ್ಲುವವನು ನಾನು. ಆದರೂ ಮಾರನೆಯ ದಿನ ಆಫೀಸಿಗೆ ರಜೆ ಹಾಕಿ ಶೆಟ್ಟಿಹಳ್ಳಿಗೆ ಹೋದೆ. ಒರಳಿಗೆ ಹಾಕುವ ಚಕ್ಕುಲಿ ಬಿಲ್ಲೆಗಳು ಅವರಲ್ಲಿ ಬಿಡಿಯಾಗಿ ಸಿಗುತ್ತಿದ್ದವು. ಸ್ಟೀಲಿನವು; ಅವುಗಳಿಗೆ ಹುಳ ಹತ್ತುವುದಿಲ್ಲ, ಅವನ್ನು ಪ್ರಯೋಗಾಲಯಕ್ಕೆ ಕಳಿಸುವವರೂ ಇಲ್ಲ. ಪ್ರತಿ ಒರಳಿನ ಜೊತೆ ಒಂದು ಹೆಚ್ಚಿನ ಬಿಲ್ಲೆ ಎಂದು ಮಾತಾಡಿಕೊಂಡೆ. ಬಿಲ್ಲಿನಲ್ಲಿ ಇಂಗ್ಲಿಷಿನಲ್ಲಿ ಅದರ ಹೆಸರು ಬರೆದೆ, ಬೆಲೆ ಬರೆದೆ, ಆಡಿಟರಿಗೆ ತೋರಿಸಿದೆ, ಇನ್ನೊಮ್ಮೆ ತೋರಿಸಿದೆ. ಸಂಜೆ ಕೋಗಿಲಿಗೆ ಹೋದಾಗ ಅತ್ತೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾಲ್ಕು ಕಾಯಿ ಬಿಡಿಸಿದೆ. ಆಮೇಲೆ ಹೇಳಿದೆ.

"ಅತ್ತೆ, ಸರ್ಕಾರದವರು ಕೊಸರಿಗೆ ಒಪ್ಪಿದ್ದಾರಂತೆ. ಕಾಳು, ಪುಡಿ ಬೇಡ್ವಂತೆ. ಒಂದ್ ಚಕ್ಕುಲಿ ಬಿಲ್ಲೆ ಹಾಕ್ಬೋದಂತೆ."

ಅವಳ ಕೈ ನಿಂತಿತು. "ಬೆಲೆ ಬರೀಬೇಕಂತಾ?"

"ಬೇಡ್ವಂತೆ."

ಸರ್ಕಾರದ ಬಗ್ಗೆ ಆಕೆಯ ಬಾಯಲ್ಲಿ ಒಂದು ಒಳ್ಳೆಯ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸೆರಗಿನಿಂದ ಮೂಗೊರೆಸಿಕೊಂಡು ಮೆಲ್ಲಗೆ ಅಂದಳು:

"ಆ ಆಪೀಸರು ಯಾರೋ ಕಣ್ಲಾ, ತಣ್ಣಗಿರ್ಲಿ. ಅವನ್ನ ಎತ್ತವ್ವ ಎಲ್ಲೋ ತರಕಾರಿ ಮಾರ್ತಿದ್ಲೇನೋ."